ಚಲಚ್ಚಿತ್ರವನ್ನು ಓದುವುದು

ಕಲಾವಿಭಾಗದ ವಿದ್ಯಾರ್ಥಿಯೊಬ್ಬನು ತಾನು ಚಲಚ್ಚಿತ್ರವನ್ನು ಅಭ್ಯಾಸ ಮಾಡುತ್ತಿರುವುದಾಗಿ ಹೇಳಿಕೊಂಡರೆ, ಕೇಳಿದವರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಹಾಕುತ್ತಾರೆ. ‘ಸಿನಿಮಾ ನೋಡುವುದಕ್ಕೂ ಕಾಲೇಜಿಗೆ ಹೋಗಬೇಕೆ?’ ಎಂಬುದು ಮೊದಲನೆಯದು. ‘ಅದರಿಂದ ಹೊಟ್ಟೆ ತುಂಬುತ್ತದೆಯೆ?’ ಎಂಬುದು ಎರಡನೆಯದು. ಎರಡೂ ತಳ್ಳಿಹಾಕುವಂಥ ಪ್ರಶ್ನೆಗಳಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನನ್ನ ಮೂರು ವರ್ಷಗಳ ಓದಿನ ಹಿಂದೆ ತಂದೆತಾಯಿಗಳು ಕೂಲಿಗೆ ಹೋದ ದಿನಗಳಿವೆ. ಆ ದಿನಗಳನ್ನು ಖರ್ಚು ಮಾಡಿ ಸಿನಿಮಾ ನೋಡಿದೆನೆಂದರೆ ಅದಕ್ಕೆ ಲೆಕ್ಕ ಒಪ್ಪಿಸಬೇಕಾದುದು ಧರ್ಮ. ಈ ಲೇಖನವು ಆ ಲೆಕ್ಕವೂ ಹೌದು. ಇದೇ ದಾರಿಯಲ್ಲಿ ನಡೆಯಬಯಸುವ ಕಿರಿಯ ಮಿತ್ರರಿಗೆ ಒಂದು ಪಾಠದ ರೂಪರೇಖೆಯೂ ಹೌದು.

ನಮ್ಮ ಕಾಲೇಜಿನಲ್ಲಿ ಚಲಚ್ಚಿತ್ರವೆಂಬುದು ಪ್ರತ್ಯೇಕ ವಿಷಯವಾಗಿ ಇಲ್ಲ. ನಾನು ಓದುತ್ತಿರುವುದು ಇತಿಹಾಸ, ಸಮಾಜಶಾಸ್ತ್ರ ಮತ್ತು ಐಚ್ಛಿಕ ಕನ್ನಡ. ಈ ಮೂರು ಹೊಲಗಳ ಬದುಗಳು ಕೂಡುವ ಮೂಲೆಯಲ್ಲಿ ಚಲಚ್ಚಿತ್ರವೆಂಬ ಒಂದು ತುಂಡು ನೆಲವಿದೆಯೆಂದೂ ಅದನ್ನು ಉತ್ತರೆ ಬೆಳೆಯಬಹುದೆಂದೂ ನಮ್ಮ ಕನ್ನಡ ಅಧ್ಯಾಪಕರು ತೋರಿಸಿಕೊಟ್ಟರು. ಎರಡು ವರ್ಷಗಳಿಂದ ಶನಿವಾರ ಮಧ್ಯಾಹ್ನ ಮೇಲಿನ ಮಹಡಿಯ ಕೊಠಡಿಯಲ್ಲಿ ಕಿಟಕಿಗಳಿಗೆ ಕಂಬಳಿ ಕಟ್ಟಿ, ಹತ್ತು ಹನ್ನೆರಡು ಮಂದಿ ಕುಳಿತು ಚಿತ್ರಗಳನ್ನು ನೋಡಿದ್ದೇವೆ, ಚರ್ಚಿಸಿದ್ದೇವೆ, ಬರೆದಿದ್ದೇವೆ. ನಾನು ಇಲ್ಲಿ ಹೇಳುವುದೆಲ್ಲ ಆ ಕೊಠಡಿಯಲ್ಲಿ ಕಲಿತದ್ದು.

ಈ ಕಲೆಯ ವಯಸ್ಸು ಹೆಚ್ಚಿನದಲ್ಲ. 1895ರ ಡಿಸೆಂಬರ್ 28ರಂದು ಪ್ಯಾರಿಸ್ ನಗರದಲ್ಲಿ ಲೂಮಿಯೇರ್ ಸಹೋದರರು ಹಣ ಪಡೆದು ಜನರಿಗೆ ಚಲಿಸುವ ಚಿತ್ರಗಳನ್ನು ತೋರಿಸಿದರು. ಮರುವರ್ಷ, 1896ರ ಜುಲೈ 7ರಂದು, ಅವರ ಚಿತ್ರಗಳು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಪ್ರದರ್ಶನಗೊಂಡವು. 1913ರಲ್ಲಿ ದಾದಾಸಾಹೇಬ್ ಫಾಲ್ಕೆಯವರು ‘ರಾಜಾ ಹರಿಶ್ಚಂದ್ರ’ವನ್ನು ಜನರ ಮುಂದಿಟ್ಟರು. ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನ’ ತೆರೆಕಂಡದ್ದು 1934ರ ಮಾರ್ಚ್ 3ರಂದು. ಸಾವಿರ ವರ್ಷಕ್ಕೂ ಹಿಂದಿನ ಪಂಪನನ್ನು ಓದುವ ನಮಗೆ ಇದು ನಿನ್ನೆಯ ಮಾತು. ಪ್ರಾಯಶಃ ಅದರಿಂದಲೇ ಇದು ಓದಿಗೆ ಯೋಗ್ಯವಾದುದಲ್ಲವೆಂಬ ಭಾವನೆ ಬೆಳೆದಿದೆ. ಆದರೆ ಕಾದಂಬರಿಯೂ ಒಂದು ಕಾಲದಲ್ಲಿ ಹಗಲು ಹೊತ್ತು ಕಳೆಯುವವರ ಸರಕೆಂದು ಹೀಗಳೆಯಲ್ಪಟ್ಟದ್ದೇ. ಇಂದು ಅದು ನಮ್ಮ ಪಠ್ಯಪಟ್ಟಿಯಲ್ಲಿ ಗೌರವದ ಸ್ಥಾನ ಪಡೆದಿದೆ.

ಚಿತ್ರ ತಯಾರಿಸುವುದನ್ನು ಕಲಿಸುವ ಶಾಲೆಗಳು ಬೇರೆ. ಮಾಸ್ಕೋದಲ್ಲಿ 1919ರಷ್ಟು ಹಿಂದೆಯೇ ಅಂಥದೊಂದು ಶಾಲೆ ಹುಟ್ಟಿತು. ನಮ್ಮ ದೇಶದಲ್ಲಿ 1960ರಲ್ಲಿ ಪುಣೆಯ ಹಳೆಯ ಪ್ರಭಾತ್ ಸ್ಟುಡಿಯೋದ ಆವರಣದಲ್ಲಿ ಫಿಲ್ಮ್ ಇನ್ಸ್‌ಟಿಟ್ಯೂಟ್ ಆರಂಭವಾಯಿತು. ಗಿರೀಶ ಕಾಸರವಳ್ಳಿಯವರು ಕಲಿತದ್ದು ಅಲ್ಲಿ. ನಮ್ಮ ಕೆಲಸ ಅದಲ್ಲ. ಕುಂಬಾರಿಕೆ ಕಲಿಯುವುದು ಬೇರೆ, ಅಗೆದಾಗ ಸಿಕ್ಕ ಮಡಕೆಯ ಚೂರಿನಿಂದ ಆ ಮಡಕೆಯಲ್ಲಿ ಉಂಡವರ ಬಾಳನ್ನು ಅರಿಯುವುದು ಬೇರೆ. ಕಲಾವಿಭಾಗದವರ ಅಭ್ಯಾಸ ಈ ಎರಡನೆಯ ಜಾತಿಯದು. ಇದಕ್ಕೆ ದೊಡ್ಡ ನಗರವೇ ಬೇಕೆಂದಿಲ್ಲವೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. ಸಾಗರದ ಬಳಿಯ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರೂ ಅವರ ಗೆಳೆಯರೂ ನೀನಾಸಮ್ ಸಂಸ್ಥೆಯ ಮೂಲಕ 1970ರ ದಶಕದಲ್ಲಿ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಅಡಕೆ ತೋಟಗಳ ನಡುವಣ ಹಳ್ಳಿಯ ಜನರಿಗೆ ತೋರಿಸಿ, ಅವುಗಳ ಬಗ್ಗೆ ಮಾತನಾಡಿಸಿದರು. ಪರಭಾಷೆಯ ಚಿತ್ರವನ್ನು ಹಳ್ಳಿಯವರು ಅರಿಯಲಾರರೆಂಬ ಶಂಕೆಗೆ ಅಲ್ಲಿಯೇ ಉತ್ತರ ದೊರೆಯಿತು.

ಇನ್ನು ಮೊದಲ ಪ್ರಶ್ನೆಗೆ ಬರೋಣ. ನೋಡುವುದಕ್ಕೆ ಕಾಲೇಜು ಬೇಡ, ನಿಜ. ಆದರೆ ನೋಡುವುದು ಬೇರೆ, ಓದುವುದು ಬೇರೆ. ಕನ್ನಡ ಮಾತನಾಡಲು ಯಾರಿಗೂ ವ್ಯಾಕರಣ ಬೇಕಿಲ್ಲ. ಆದರೂ ವ್ಯಾಕರಣವನ್ನು ಓದುತ್ತೇವೆ. ಏಕೆಂದರೆ ಮಾತು ಹೇಗೆ ಕೆಲಸ ಮಾಡುತ್ತದೆಂಬುದನ್ನು ತಿಳಿದವನನ್ನು ಮಾತಿನಿಂದ ಮೋಸಗೊಳಿಸುವುದು ಕಷ್ಟ, ಮಾತಿನ ಸೊಗಸನ್ನು ಅವನು ಎರಡು ಪಾಲು ಸವಿಯುತ್ತಾನೆ. ಚಲಚ್ಚಿತ್ರಕ್ಕೂ ಅಂಥದೊಂದು ವ್ಯಾಕರಣವುಂಟು. ಅದರಲ್ಲಿ ಮುಖ್ಯವಾದ ಅಂಗಗಳು ಮೂರು: ಚೌಕಟ್ಟಿನೊಳಗೆ ಕಾಣುವ ಬಿಂಬ, ಒಂದು ಬಿಂಬವನ್ನು ಇನ್ನೊಂದಕ್ಕೆ ಜೋಡಿಸುವ ಸಂಕಲನ, ಮತ್ತು ಶಬ್ದ. ಒಂದೊಂದಕ್ಕೂ ಒಂದೊಂದು ಉದಾಹರಣೆ ಕೊಡುತ್ತೇನೆ.

ಬಿಂಬಕ್ಕೆ ಉದಾಹರಣೆ 1948ರಲ್ಲಿ ವಿಟ್ಟೋರಿಯೋ ಡಿ ಸಿಕಾ ಎಂಬ ಇಟಲಿಯ ನಿರ್ದೇಶಕನು ತಯಾರಿಸಿದ ‘ಬೈಸಿಕಲ್ ಥೀವ್ಸ್’. ಯುದ್ಧ ಮುಗಿದ ಮೇಲಿನ ರೋಮ್ ನಗರದಲ್ಲಿ ಕೆಲಸವಿಲ್ಲದ ಅಂಟೋನಿಯೋ ಎಂಬವನಿಗೆ ಗೋಡೆಗೆ ಭಿತ್ತಿಪತ್ರ ಅಂಟಿಸುವ ಕೆಲಸ ಸಿಗುತ್ತದೆ. ಆದರೆ ಸೈಕಲ್ಲಿದ್ದರೆ ಮಾತ್ರ ಕೆಲಸ. ಸೈಕಲ್ಲೋ ಗಿರವಿ ಅಂಗಡಿಯಲ್ಲಿದೆ. ಅವನ ಹೆಂಡತಿ ಮಾರಿಯಾ ಮಂಚದ ಮೇಲಣ ಹೊದಿಕೆಗಳನ್ನು ಎಳೆದು ಗಂಟು ಕಟ್ಟುತ್ತಾಳೆ. ಅವನ್ನು ಒತ್ತೆಯಿಟ್ಟು ಸೈಕಲ್ಲನ್ನು ಬಿಡಿಸಿಕೊಳ್ಳುತ್ತಾರೆ. ಆಗ ಅಂಗಡಿಯ ಆಳು ಆ ಗಂಟನ್ನು ಹೊತ್ತು ಒಳಗೆ ಹೋಗಿ ಅಟ್ಟಣೆಯನ್ನು ಹತ್ತುತ್ತಾನೆ. ಅವನು ಹತ್ತಿದಂತೆಲ್ಲ ಕಾಣುವುದೇನು? ಮೇಲಿನವರೆಗೂ ಸಾಲುಸಾಲಾಗಿ ಅಂಥವೇ ಗಂಟುಗಳು.

ಈ ಚಿತ್ರವನ್ನು ನಾನು ರಜೆಯಲ್ಲಿ ಮನೆಯಲ್ಲಿ ಮೊಬೈಲಿನಲ್ಲಿ ನೋಡುತ್ತಿದ್ದಾಗ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನಮ್ಮವ್ವನೂ ಬಗ್ಗಿ ನೋಡುತ್ತಿದ್ದಳು. ಅವಳಿಗೆ ಇಟಲಿಯ ಮಾತು ತಿಳಿಯದು, ಕೆಳಗೆ ಬರುವ ಇಂಗ್ಲಿಷ್ ಅಕ್ಷರವೂ ತಿಳಿಯದು, ಕನ್ನಡದ ಅಕ್ಷರವೂ ಬಾರದು. ಆ ದೃಶ್ಯ ಬಂದಾಗ ಕೈ ನಿಲ್ಲಿಸಿ, ‘ಇಷ್ಟೊಂದು ಜನ ಮಡಗವ್ರಲ್ಲ ಮಗಾ! ಬುಡಿಸ್ಕೊಂಡೋರು ಒಬ್ರೂ ಇಲ್ವಾ?’ ಎಂದಳು. ನನ್ನ ಪರೀಕ್ಷೆಯ ಶುಲ್ಕಕ್ಕಾಗಿ ಒಮ್ಮೆ ಓಲೆಯನ್ನು ಅಡವಿಟ್ಟವಳು ಅವಳು. ಆ ಒಂದು ಮಾತಿನಲ್ಲಿ ಆ ಬಿಂಬದ ಅರ್ಥವೆಲ್ಲ ಅಡಗಿತ್ತು. ಒಂದು ಸಂಸಾರದ ಕಷ್ಟವು ಅರೆಕ್ಷಣದಲ್ಲಿ ಒಂದು ನಗರದ ಕಷ್ಟವಾಗಿ ಮಾರ್ಪಡುವುದು, ಅದೂ ಒಂದಾದರೂ ಮಾತಿನ ನೆರವಿಲ್ಲದೆ, ಕೇವಲ ಆ ಅಟ್ಟಣೆಯ ಎತ್ತರದಿಂದ. ಮುಂದಿನ ಶನಿವಾರ ನಮ್ಮ ಚರ್ಚೆಯನ್ನು ನಾನು ಅವ್ವನ ಮಾತಿನಿಂದಲೇ ಆರಂಭಿಸಿದೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ನನ್ನ ಇತಿಹಾಸದ ಪುಸ್ತಕವನ್ನಾಗಲಿ ಕಾವ್ಯಮೀಮಾಂಸೆಯನ್ನಾಗಲಿ ಮನೆಯಲ್ಲಿ ಯಾರೊಡನೆಯೂ ಹಂಚಿಕೊಳ್ಳುವಂತಿಲ್ಲ. ನಾನು ಓದಿದಷ್ಟೂ ಮನೆಗೂ ನನಗೂ ನಡುವೆ ಒಂದು ಮೌನ ಬೆಳೆಯುತ್ತದೆ. ನನ್ನಂತೆ ಮೊದಲ ತಲೆಮಾರಿನಲ್ಲಿ ಓದುತ್ತಿರುವ ಅನೇಕ ಮಿತ್ರರು ಇದನ್ನು ಬಲ್ಲರು. ಚಲಚ್ಚಿತ್ರವೊಂದೇ ನಮ್ಮ ಮನೆಯವರು ನನಗಿಂತ ಮೊದಲೇ ಪರಿಚಯ ಮಾಡಿಕೊಂಡಿರುವ ಪಠ್ಯ. ಅದರ ಮುಂದೆ ನಾವು ಸಮಾನರಾಗಿ ಕೂರಬಹುದು. ಈ ವಿಷಯವನ್ನು ನಾನು ಬಿಡದೆ ಹಿಡಿದುದಕ್ಕೆ ಇದೇ ಮುಖ್ಯ ಕಾರಣ.

ಎರಡನೆಯದು ಸಂಕಲನ. ರಷ್ಯದ ಲೆವ್ ಕುಲೆಶೋವ್ ಎಂಬವನು 1920ರ ಆಸುಪಾಸಿನಲ್ಲಿ ಮಾಡಿದನೆನ್ನಲಾದ ಪ್ರಯೋಗವೊಂದು ಬಹು ಪ್ರಸಿದ್ಧ. ಮೊಝುಖಿನ್ ಎಂಬ ನಟನ ಭಾವವಿಲ್ಲದ ಮುಖದ ಒಂದೇ ತುಣುಕನ್ನು ಒಮ್ಮೆ ಸೂಪು ತುಂಬಿದ ತಟ್ಟೆಯ ಚಿತ್ರದೊಡನೆ, ಇನ್ನೊಮ್ಮೆ ಶವಪೆಟ್ಟಿಗೆಯ ಚಿತ್ರದೊಡನೆ ಜೋಡಿಸಿದರಂತೆ. ನೋಡಿದವರು, ಆಹಾ, ಹಸಿವನ್ನು ಎಷ್ಟು ಚೆನ್ನಾಗಿ ಅಭಿನಯಿಸಿದ್ದಾನೆ, ದುಃಖವನ್ನು ಎಷ್ಟು ಚೆನ್ನಾಗಿ ಅಭಿನಯಿಸಿದ್ದಾನೆ ಎಂದು ಕೊಂಡಾಡಿದರಂತೆ. ಮುಖ ಮಾತ್ರ ಬದಲಾಗಿರಲಿಲ್ಲ. ಆ ಪ್ರಯೋಗದ ಮೂಲ ಸುರುಳಿ ಇಂದು ಉಳಿದಿಲ್ಲ. ಆದರೆ ಅದರ ತತ್ತ್ವವನ್ನು ಯಾರು ಬೇಕಾದರೂ ಇಂದು ಮೊಬೈಲಿನಲ್ಲೇ ಪರೀಕ್ಷಿಸಬಹುದು. ನಮ್ಮ ತರಗತಿಯ ಮಿತ್ರನೊಬ್ಬನ ಮುಖವನ್ನು ಬಳಸಿ ನಾವೂ ಮಾಡಿ ನೋಡಿದೆವು. ಪಕ್ಕದಲ್ಲಿ ಫಲಿತಾಂಶದ ಪಟ್ಟಿಯನ್ನಿಟ್ಟಾಗ ಅವನು ಗಾಬರಿಗೊಂಡಂತೆ ಕಂಡನು; ಮಸಾಲೆದೋಸೆಯನ್ನಿಟ್ಟಾಗ ಆಸೆಪಟ್ಟಂತೆ ಕಂಡನು.

ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ಇದು ಹೊಸದಲ್ಲ. ವಿಭಾವ, ಅನುಭಾವ, ವ್ಯಭಿಚಾರಿ ಭಾವಗಳ ಸಂಯೋಗದಿಂದ ರಸನಿಷ್ಪತ್ತಿಯೆಂದು ಭರತನ ಮತವನ್ನು ನಾವು ಕಂಠಪಾಠ ಮಾಡಿದ್ದೇವೆ. ಕುಲೆಶೋವನ ಪ್ರಯೋಗದಲ್ಲಿ ಕಾರಣವಾದ ವಸ್ತು, ಅಂದರೆ ವಿಭಾವ, ಬದಲಾದೊಡನೆ ಅದೇ ಮುಖದಲ್ಲಿ ಬೇರೆಯ ಭಾವವನ್ನು ಸಹೃದಯನು ತಾನೇ ತುಂಬಿಕೊಳ್ಳುತ್ತಾನೆ. ಅರ್ಥವು ಮೊದಲ ತುಣುಕಿನಲ್ಲಿಯೂ ಇಲ್ಲ, ಎರಡನೆಯದರಲ್ಲಿಯೂ ಇಲ್ಲ. ಎರಡರ ನಡುವೆ ಹುಟ್ಟುತ್ತದೆ. ಆನಂದವರ್ಧನನು ಧ್ವನಿಯೆಂದು ಕರೆದ, ವಾಚ್ಯವನ್ನು ಮೀರಿ ಹೊಳೆಯುವ ಅರ್ಥಕ್ಕೆ ಇದು ಬಹಳ ಸಮೀಪದ ನೆಂಟ. ಚಲಚ್ಚಿತ್ರವನ್ನು ಅಭ್ಯಾಸ ಮಾಡಲು ನಮ್ಮಲ್ಲಿ ಸಲಕರಣೆಗಳಿಲ್ಲವೆಂದು ಯಾರೂ ಸಂಕೋಚಪಡಬೇಕಾಗಿಲ್ಲ. ಇರುವ ಸಲಕರಣೆಗಳನ್ನು ಹೊರತೆಗೆದು ಸಾಣೆ ಹಿಡಿದರೆ ಸಾಕು.

ಮೂರನೆಯದು ಶಬ್ದ. ಸತ್ಯಜಿತ್ ರಾಯ್ ಅವರು 1950ರಲ್ಲಿ ಲಂಡನ್ನಿನಲ್ಲಿ ‘ಬೈಸಿಕಲ್ ಥೀವ್ಸ್’ ನೋಡಿ, ತಾವೂ ಹಾಗೆಯೇ ಸ್ಟುಡಿಯೋದ ಹೊರಗೆ, ಹೊಸ ಮುಖಗಳೊಡನೆ ಚಿತ್ರ ಮಾಡಬಹುದೆಂಬ ಧೈರ್ಯ ಪಡೆದರೆಂಬುದು ಸರ್ವವಿದಿತ. ಆ ಧೈರ್ಯದ ಫಲವೇ 1955ರ ‘ಪಥೇರ್ ಪಾಂಚಾಲಿ’. ಅದರಲ್ಲಿ ಹರಿಹರನೆಂಬ ಬಡ ಬ್ರಾಹ್ಮಣನು ಸಂಪಾದನೆಗಾಗಿ ಊರು ಬಿಟ್ಟಿದ್ದಾಗ ಅವನ ಮಗಳು ದುರ್ಗಾ ತೀರಿಕೊಳ್ಳುತ್ತಾಳೆ. ಸಂಗತಿ ತಿಳಿಯದ ತಂದೆ ಮನೆಗೆ ಬಂದು, ತಂದ ವಸ್ತುಗಳನ್ನು ಒಂದೊಂದಾಗಿ ತೋರಿಸುತ್ತ, ದುರ್ಗಾಳಿಗೆಂದು ತಂದ ಸೀರೆಯನ್ನು ಹೆಂಡತಿಯ ಕೈಗೆ ಕೊಡುತ್ತಾನೆ. ಸರ್ವಜಯಾ ಕುಸಿದು ಅಳುತ್ತಾಳೆ. ಆದರೆ ಅವಳ ಅಳು ನಮಗೆ ಕೇಳಿಸುವುದಿಲ್ಲ. ಅದರ ಬದಲು ತಾರ್ ಶಹನಾಯಿಯ ಎತ್ತರದ ಸ್ವರವೊಂದು ಕೇಳಿಸುತ್ತದೆ. ಅಳುವ ತಾಯಿಯ ದನಿಯನ್ನೇ ಕೇಳಿಸಿದ್ದರೆ ನಾವು ಅವಳಿಗಾಗಿ ಮರುಗುತ್ತಿದ್ದೆವು. ದನಿಯನ್ನು ತೆಗೆದುಬಿಟ್ಟುದರಿಂದ ನೋಡುವವರೆಲ್ಲ ತಾವು ಬಲ್ಲ ಅಳುವೊಂದನ್ನು ಆ ಸ್ವರದೊಳಗೆ ಕೇಳಿಕೊಳ್ಳುತ್ತಾರೆ.

ಈ ಮೂರನ್ನೂ ಗುರುತಿಸಲು ನಾವು ರೂಢಿಸಿಕೊಂಡ ಕ್ರಮ ಸರಳವಾದುದು. ಒಂದು ಚಿತ್ರವನ್ನು ಮೂರು ಸಲ ನೋಡಬೇಕು. ಮೊದಲ ಸಲ ಬರಿಗೈಯಲ್ಲಿ, ಎಲ್ಲರೊಡನೆ, ನಗು ಬಂದಲ್ಲಿ ನಗುತ್ತ ನೋಡಬೇಕು. ಈ ಸಂತೋಷವನ್ನು ಕಳೆದುಕೊಂಡ ಅಭ್ಯಾಸ ಒಣ ಅಭ್ಯಾಸ. ಎರಡನೆಯ ಸಲ ಹತ್ತು ನಿಮಿಷದ ಒಂದು ಭಾಗವನ್ನು ಮಾತ್ರ ಆರಿಸಿಕೊಂಡು, ಪುಸ್ತಕದಲ್ಲಿ ಮೂರು ಅಂಕಣ ಗೀಚಿ, ಏನು ಕಂಡಿತು, ಏನು ಕೇಳಿಸಿತು, ಎಷ್ಟು ಹೊತ್ತು ನಿಂತಿತು ಎಂದು ಬರೆಯಬೇಕು. ಮೂರನೆಯ ಸಲ ಅದೇ ಭಾಗವನ್ನು ಶಬ್ದವಿಲ್ಲದೆ ನೋಡಬೇಕು. ಹೀಗೆ ಮಾಡಿದಾಗ ‘ಚೆನ್ನಾಗಿದೆ’, ‘ಬೋರಾಗಿದೆ’ ಎಂಬ ಎರಡು ತೀರ್ಪುಗಳಿಂದ ಮುಂದಕ್ಕೆ ಮಾತು ಬೆಳೆಯುತ್ತದೆ. ಒಂದು ದೃಶ್ಯವನ್ನು ನೋಡದವನಿಗೆ ಕಾಣುವಂತೆ ಐದು ವಾಕ್ಯಗಳಲ್ಲಿ ಬರೆಯುವುದು ಎಷ್ಟು ಕಷ್ಟವೆಂಬುದು ಬರೆದವರಿಗೇ ಗೊತ್ತು. ನನ್ನ ಕನ್ನಡ ಬರವಣಿಗೆ ತಿದ್ದಿಕೊಂಡದ್ದು ಆ ಅಭ್ಯಾಸದಿಂದಲೇ.

ಈ ವ್ಯಾಕರಣ ಕೈಗೆ ಬಂದ ಮೇಲೆ ನಮ್ಮ ನಮ್ಮ ವಿಷಯಗಳ ಕಡೆಗೆ ತಿರುಗಬಹುದು. ಸಾಹಿತ್ಯದ ವಿದ್ಯಾರ್ಥಿಗೆ ಕನ್ನಡದಲ್ಲಿರುವ ಅನುಕೂಲ ಬೇರೆ ಕಡೆ ಅಪರೂಪ. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ತೆರೆಗೆ ತಂದರು. ಮೊದಲು ಸೆನ್ಸಾರಿನವರ ನಿಷೇಧಕ್ಕೆ ಒಳಗಾದ ಆ ಚಿತ್ರವೇ ಅನಂತರ ಆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಶ್ರೀಕೃಷ್ಣ ಆಲನಹಳ್ಳಿಯವರ ‘ಕಾಡು’ವನ್ನು ಗಿರೀಶ ಕಾರ್ನಾಡರೂ, ಅನಂತಮೂರ್ತಿಯವರ ‘ಘಟಶ್ರಾದ್ಧ’ ಮತ್ತು ಪೂರ್ಣಚಂದ್ರ ತೇಜಸ್ವಿಯವರ ‘ತಬರನ ಕಥೆ’ಗಳನ್ನು ಕಾಸರವಳ್ಳಿಯವರೂ ಚಿತ್ರಗಳಾಗಿಸಿದರು. ಪುಸ್ತಕವನ್ನು ಎಡಗೈಯಲ್ಲೂ ಚಿತ್ರವನ್ನು ಬಲಗೈಯಲ್ಲೂ ಹಿಡಿದು ತೂಗಿ ನೋಡುವ ಅವಕಾಶ ಇದು.

ನಾನು ಆರಿಸಿಕೊಂಡದ್ದು ಶಿವರಾಮ ಕಾರಂತರ ‘ಚೋಮನ ದುಡಿ’. ಕಾದಂಬರಿ 1933ರದು; ಬಿ. ವಿ. ಕಾರಂತರ ಚಿತ್ರ 1975ರದು. ಚೋಮನ ಬಳಿ ಎತ್ತುಗಳಿವೆ, ತೋಳಿನಲ್ಲಿ ಶಕ್ತಿಯಿದೆ, ಉಳಬೇಕೆಂಬ ಒಂದೇ ಆಸೆಯಿದೆ. ನೆಲ ಮಾತ್ರ ಇಲ್ಲ. ಅಸ್ಪೃಶ್ಯನು ಬೇಸಾಯಗಾರನಾಗಕೂಡದೆಂಬುದು ಊರಿನ ಕಟ್ಟಳೆ. ಅವನಿಗೆ ಸಿಟ್ಟು ಬಂದರೂ ದುಃಖ ಬಂದರೂ ಕೈ ಹೋಗುವುದು ದುಡಿಯ ಕಡೆಗೆ. ಕಾದಂಬರಿಯಲ್ಲಿ ದುಡಿಯ ಸದ್ದನ್ನು ನಾವು ಅಕ್ಷರಗಳಲ್ಲಿ ಓದುತ್ತೇವೆ. ಆ ಸದ್ದಿನ ಹಿಂದೆ ಚೋಮನ ಮನಸ್ಸಿನಲ್ಲಿ ಏನಿದೆಯೆಂಬುದನ್ನು ಲೇಖಕರು ಜೊತೆಯಲ್ಲೇ ತಿಳಿಸಬಲ್ಲರು. ಚಿತ್ರದಲ್ಲಿ ಹಾಗೆ ತಿಳಿಸುವ ದನಿಯಿಲ್ಲ. ಇರುವುದು ವಾಸುದೇವರಾಯರ ಮುಖ, ಅವರ ಕೈ, ಮತ್ತು ನಿಜವಾಗಿ ಕಿವಿಗೆ ಬಂದು ಬಡಿಯುವ ದುಡಿ. ಚಿತ್ರದ ಸಂಗೀತವೂ ಬಿ. ವಿ. ಕಾರಂತರದೇ ಆದ್ದರಿಂದ ಈ ವಾದ್ಯವನ್ನು ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು ಎಂಬ ಲೆಕ್ಕ ಅವರದೇ. ಕಾದಂಬರಿ ಚೋಮನನ್ನು ಅರ್ಥಮಾಡಿಸುತ್ತದೆ; ಚಿತ್ರವು ಚೋಮನ ಎದುರು ನಮ್ಮನ್ನು ಕೂರಿಸುತ್ತದೆ. ಯಾವುದು ಮೇಲು ಎಂಬ ಪ್ರಶ್ನೆಗಿಂತ, ಯಾವುದಕ್ಕೆ ಏನು ಸಾಧ್ಯ ಎಂಬ ಪ್ರಶ್ನೆ ಹೆಚ್ಚು ಫಲ ಕೊಡುತ್ತದೆ.

ಇತಿಹಾಸದ ವಿದ್ಯಾರ್ಥಿಯಾಗಿ ನಾನು ಇದೇ ಚಿತ್ರವನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡಿದೆ. ಅದು 1972ರ ‘ಬಂಗಾರದ ಮನುಷ್ಯ’. ಟಿ. ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಸಿದ್ದಲಿಂಗಯ್ಯನವರು ನಿರ್ದೇಶಿಸಿದ, ರಾಜಕುಮಾರರು ನಟಿಸಿದ ಈ ಚಿತ್ರವು ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ವರ್ಷಕ್ಕೂ ಮೀರಿ ಓಡಿತು. ಓದಿದ ಯುವಕರು ಇದನ್ನು ನೋಡಿ ಪಟ್ಟಣ ಬಿಟ್ಟು ಬೇಸಾಯಕ್ಕೆ ಮರಳಿದರೆಂಬ ಮಾತು ಇಂದಿಗೂ ಪ್ರಚಾರದಲ್ಲಿದೆ. ಇದರಲ್ಲಿ ರಾಜೀವನು ಅಕ್ಕನ ಮನೆಯ ಭಾರ ಹೊತ್ತು, ಬಂಡೆಗಳಿಂದ ತುಂಬಿದ ಬರಡು ನೆಲವನ್ನು ಹಸನು ಮಾಡಿ ಬಂಗಾರ ಬೆಳೆಯುತ್ತಾನೆ. ಕೊನೆಗೆ ತಾನು ಬೆಳೆಸಿದ ಮನೆಯಲ್ಲೇ ಸಂದೇಹದ ಮಾತು ಕೇಳಿ ಎಲ್ಲವನ್ನೂ ಬಿಟ್ಟು ಹೊರಡುತ್ತಾನೆ.

ಎರಡೂ ಚಿತ್ರಗಳು ನೆಲದ ಬಗೆಗಿನವೇ. ನಡುವಣ ಅಂತರ ಮೂರೇ ವರ್ಷ. ಮೊದಲನೆಯದು ಬಣ್ಣದ್ದು, ಅದರ ಹಸಿರು ಕಣ್ಣು ತುಂಬುತ್ತದೆ, ಎರಡನೆಯದು ಕಪ್ಪುಬಿಳುಪಿನದು. ಮೊದಲನೆಯದು ಬಂದಾಗ ಹಸಿರು ಕ್ರಾಂತಿಯ ಹೊಸ ಬೀಜ, ಗೊಬ್ಬರಗಳ ಮಾತು ದೇಶದಲ್ಲೆಲ್ಲ ಕೇಳಿಬರುತ್ತಿತ್ತು. ಎರಡರ ನಡುವೆ, 1974ರ ಮಾರ್ಚ್ 1ರಂದು, ದೇವರಾಜ ಅರಸರ ಸರಕಾರ 1961ರ ಭೂಸುಧಾರಣಾ ಕಾಯಿದೆಗೆ ತಂದ ತಿದ್ದುಪಡಿ ಜಾರಿಗೆ ಬಂದಿತು. ‘ಉಳುವವನೇ ಹೊಲದೊಡೆಯ’ ಎಂಬ ಮಾತು ಮನೆಮಾತಾಯಿತು. ದುಡಿದರೆ ನೆಲ ಒಲಿಯುತ್ತದೆಂದು ಒಂದು ಚಿತ್ರ ಹೇಳುತ್ತದೆ. ದುಡಿಯಲು ಸಿದ್ಧನಿದ್ದರೂ ನೆಲವನ್ನು ಮುಟ್ಟಗೊಡದವರು ಯಾರೆಂದು ಇನ್ನೊಂದು ಕೇಳುತ್ತದೆ. ಚಿತ್ರವು ಹಿಂದಿನ ಕಾಲದ ಕಥೆಯನ್ನು ಹೇಳುತ್ತಿದ್ದರೂ ಅದನ್ನು ನೋಡಿದವರು 1975ರ ಜನ ಎಂಬುದನ್ನು ಮರೆಯಬಾರದು.

ನಮ್ಮಪ್ಪ ‘ಬಂಗಾರದ ಮನುಷ್ಯ’ವನ್ನು ಹುಡುಗನಾಗಿದ್ದಾಗ ಟೂರಿಂಗ್ ಟಾಕೀಸಿನಲ್ಲಿ ನೆಲದ ಟಿಕೆಟ್ಟಿಗೆ ಏಳು ಸಲ ನೋಡಿದವನು. ‘ಚೋಮನ ದುಡಿ’ಯನ್ನು ನಾನು ತೋರಿಸಿದ್ದು ಹೋದ ವರ್ಷ. ಮುಗಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದು, ‘ಅದ್ರಲ್ಲಿ ಗೇದ್ರೆ ನೆಲ ಸಿಕ್ತದೆ. ಇದ್ರಲ್ಲಿ ಗೇದ್ರೂ ಸಿಕ್ಕಾಕಿಲ್ಲ. ನಿಮ್ ತಾತಂದು ಎರಡ್ನೇ ಕತೆ ಕಣ್ಮಗ’ ಎಂದನು. ಆಮೇಲೆ ಹೇಳಿದ ಸಂಗತಿ ನಮ್ಮ ಮನೆಯಲ್ಲಿ ಅದುವರೆಗೆ ಯಾರ ಬಾಯಲ್ಲೂ ಬಂದಿರಲಿಲ್ಲ. ಭೂನ್ಯಾಯಮಂಡಳಿಗೆ ಏಳನೆಯ ನಮೂನೆಯ ಅರ್ಜಿ ಹಾಕಲು ಊರಿನ ಗೇಣಿದಾರರೆಲ್ಲ ಹೊರಟಾಗ ನಮ್ಮ ತಾತನೂ ಜೊತೆಯಲ್ಲಿ ಹೋಗಿದ್ದನಂತೆ. ಅವನು ಗೇಣಿದಾರನಲ್ಲ, ವರ್ಷದ ಆಳು. ಪಹಣಿಯ ಯಾವ ಅಂಕಣದಲ್ಲೂ ಅವನ ಹೆಸರಿರಲಿಲ್ಲ. ಇಪ್ಪತ್ತು ವರ್ಷ ಉತ್ತಿದ್ದ ಹೊಲದ ಬಗ್ಗೆ ಅವನು ಬರೆಸಬಹುದಾದದ್ದು ಏನೂ ಇರಲಿಲ್ಲ. ಉಳಿದವರ ಅರ್ಜಿ ಮುಗಿಯುವವರೆಗೆ ಹೊರಗೆ ಮರದ ಕೆಳಗೆ ಕುಳಿತಿದ್ದು, ಅವರೊಡನೆಯೇ ನಡೆದು ಬಂದನಂತೆ.

ಭೂಸುಧಾರಣೆಯ ಮೇಲೆ ಹತ್ತು ಅಂಕದ ಪ್ರಶ್ನೆಗೆ ನಾನು ಉತ್ತರ ಬರೆದಿದ್ದೇನೆ. ಗೇಣಿದಾರನಿಗೂ ಕೂಲಿಯಾಳಿಗೂ ಆ ಕಾಯಿದೆಯ ದೃಷ್ಟಿಯಲ್ಲಿದ್ದ ವ್ಯತ್ಯಾಸವೂ ಪುಸ್ತಕದಲ್ಲಿದೆ. ಆದರೆ ಆ ವ್ಯತ್ಯಾಸ ಮರದ ಕೆಳಗೆ ಕುಳಿತ ಒಬ್ಬ ಮನುಷ್ಯನಾಗಿ ನನ್ನ ಮುಂದೆ ಬಂದದ್ದು ಎರಡು ಚಿತ್ರಗಳ ನಡುವಿನಿಂದ. ಇಲ್ಲೊಂದು ಎಚ್ಚರಿಕೆಯ ಮಾತನ್ನೂ ಸೇರಿಸಬೇಕು. ಚಲಚ್ಚಿತ್ರವು ನಡೆದುದಕ್ಕೆ ಸಾಕ್ಷಿಯಲ್ಲ. ಒಂದು ಕಾಲದ ಜನ ಏನನ್ನು ನೋಡಬಯಸಿದರು, ಏನನ್ನು ನೋಡಲು ಅಂಜಿದರು ಎಂಬುದಕ್ಕೆ ಸಾಕ್ಷಿ. ಆದ್ದರಿಂದಲೇ ಪ್ರಶಸ್ತಿ ಪಡೆದ ಚಿತ್ರವಷ್ಟೇ ಅಭ್ಯಾಸಕ್ಕೆ ಯೋಗ್ಯ, ಜನಪ್ರಿಯ ಚಿತ್ರ ಕೀಳು ಎಂಬ ವಿಂಗಡಣೆ ಸಲ್ಲದು. ಏಳು ಸಲ ನೋಡಿದವನ ಆಸೆಯೂ ಇತಿಹಾಸದ ಒಂದು ಭಾಗವೇ.

ಈ ಇತಿಹಾಸದ ಆಧಾರಗಳು ಎಷ್ಟು ಬೇಗ ಅಳಿಯುತ್ತವೆಂಬುದನ್ನೂ ನಾವು ತಿಳಿಯಬೇಕು. ಭಾರತದಲ್ಲಿ ತಯಾರಾದ ಸಾವಿರಕ್ಕೂ ಹೆಚ್ಚು ಮೂಕಚಿತ್ರಗಳಲ್ಲಿ ಇಂದು ಉಳಿದಿರುವುದು ಅತ್ಯಲ್ಪ. ‘ರಾಜಾ ಹರಿಶ್ಚಂದ್ರ’ದ್ದೂ ಕೆಲಭಾಗ ಮಾತ್ರ ಉಳಿದಿದೆ. ಹಳೆಯ ಕಾಲದ ಫಿಲ್ಮ್ ಬೇಗ ಬೆಂಕಿ ಹತ್ತುವಂಥದು. ಅದರಲ್ಲಿನ ಬೆಳ್ಳಿಗಾಗಿ ಕರಗಿಸಿದ್ದೂ ಉಂಟು. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಭಂಡಾರ ಸ್ಥಾಪನೆಯಾಗಿ, ಪಿ. ಕೆ. ನಾಯರ್ ಅವರು ಊರೂರು ಅಲೆದು ಸುರುಳಿಗಳನ್ನು ಕೂಡಿಹಾಕದಿದ್ದರೆ ಈಗ ಇರುವಷ್ಟೂ ಇರುತ್ತಿರಲಿಲ್ಲ. ನಮ್ಮ ‘ಸತಿ ಸುಲೋಚನ’ದ ಪ್ರತಿ ಇಂದು ದೊರೆಯುವುದಿಲ್ಲ. ವೈ. ವಿ. ರಾವ್ ಅವರ ನಿರ್ದೇಶನದಲ್ಲಿ, ಸುಬ್ಬಯ್ಯನಾಯ್ಡು ಮತ್ತು ತ್ರಿಪುರಾಂಬ ಅವರು ಮುಖ್ಯ ಪಾತ್ರಗಳಲ್ಲಿ, ಆರ್. ನಾಗೇಂದ್ರರಾಯರು ರಾವಣನಾಗಿ ನಟಿಸಿದ ಆ ಚಿತ್ರ ಕೊಲ್ಲಾಪುರದ ಸ್ಟುಡಿಯೋದಲ್ಲಿ ತಯಾರಾಯಿತೆಂದು ಓದಿ ತಿಳಿಯಬಹುದೇ ಹೊರತು, ನೋಡಿ ತಿಳಿಯುವಂತಿಲ್ಲ. ಕನ್ನಡ ತೆರೆಯ ಮೇಲೆ ಮೊದಲು ಕೇಳಿಸಿದ ಕನ್ನಡವನ್ನು ಇನ್ನು ಯಾರೂ ಕೇಳಲಾರರು.

ಹಾಗಾದರೆ ಅಭ್ಯಾಸ ನಿಂತಿತೆ? ಇಲ್ಲ. ಚಿತ್ರವಿಲ್ಲದಿದ್ದರೆ ಚಿತ್ರದ ಸುತ್ತಲಿದ್ದುದನ್ನು ಹುಡುಕಬೇಕು: ಚಿತ್ರಮಂದಿರದ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳು, ಪತ್ರಿಕೆಗಳ ಜಾಹೀರಾತು, ಭಿತ್ತಿಪತ್ರ, ನಟರ ನೆನಪುಗಳು. ಎಲ್ಲಕ್ಕಿಂತ ಮುಖ್ಯವಾಗಿ, ನೋಡಿದವರು. ಶಾಸನ ಹುಡುಕಿಕೊಂಡು ಬೆಟ್ಟ ಹತ್ತಿದ ವಿದ್ವಾಂಸರ ದಾರಿಯೇ ಇದು. ಬೆಟ್ಟ ಮಾತ್ರ ಬೇರೆ.

ಇನ್ನು ಎರಡನೆಯ ಪ್ರಶ್ನೆ, ಹೊಟ್ಟೆಯದು. ಚಲಚ್ಚಿತ್ರದ ಅಭ್ಯಾಸ ನೇರವಾಗಿ ನೌಕರಿ ಕೊಡಿಸುತ್ತದೆಂದು ನಾನು ಹೇಳಲಾರೆ. ಇತಿಹಾಸವಾಗಲಿ ಸಾಹಿತ್ಯವಾಗಲಿ ಹಾಗೆ ಕೊಡಿಸುತ್ತವೆಂದು ಯಾರೂ ಭರವಸೆ ಕೊಟ್ಟಿಲ್ಲ. ಪತ್ರಿಕೆ, ಚಿತ್ರಗಳಿಗೆ ಅಡಿಬರಹ ಬರೆಯುವ ಅನುವಾದ, ದಾಖಲೆಗಳ ಸಂರಕ್ಷಣೆ, ಅಧ್ಯಾಪನ, ಇಂಥ ಕೆಲಸಗಳಿಗೆ ಇದು ಪೂರಕವಾಗಬಹುದು. ಚಲಚ್ಚಿತ್ರಾಧ್ಯಯನಕ್ಕೆಂದೇ ವಿಭಾಗವಿರುವ ಕಲ್ಕತ್ತೆಯ ಜಾದವಪುರದಂಥ ವಿಶ್ವವಿದ್ಯಾಲಯಗಳಲ್ಲಿ ಮುಂದೆ ಓದಲೂಬಹುದು. ಆದರೆ ನಾನು ನಂಬಿರುವ ಪ್ರಯೋಜನ ಬೇರೊಂದು. ಇಂದು ಬೆಳಗಿನಿಂದ ರಾತ್ರಿಯವರೆಗೆ ನಮ್ಮೆಲ್ಲರ ಅಂಗೈಯಲ್ಲಿ ಚಲಿಸುವ ಚಿತ್ರಗಳೇ. ಎಲ್ಲಿಯದೋ ಗಲಭೆಯ ತುಣುಕಿಗೆ ಇನ್ನೆಲ್ಲಿಯದೋ ಮುಖವನ್ನು ಜೋಡಿಸಿ ಊರಿಂದೂರಿಗೆ ಹರಿಯಬಿಡುತ್ತಾರೆ. ಕುಲೆಶೋವನು ನೂರು ವರ್ಷದ ಹಿಂದೆ ಪ್ರಯೋಗಶಾಲೆಯಲ್ಲಿ ಮಾಡಿದ್ದನ್ನು ಈಗ ಯಾರು ಬೇಕಾದರೂ ಜಗಲಿಯ ಮೇಲೆ ಕುಳಿತು ಮಾಡುತ್ತಾರೆ. ಅಕ್ಷರ ಓದಬಲ್ಲವನು ಸುಳ್ಳು ಪತ್ರಕ್ಕೆ ಹೆಬ್ಬೆಟ್ಟು ಒತ್ತುವುದಿಲ್ಲ. ಹಾಗೆಯೇ ಚಿತ್ರ ಓದಬಲ್ಲವನು, ಇದನ್ನು ಎಲ್ಲಿ ಕತ್ತರಿಸಿದ್ದಾರೆ, ಚೌಕಟ್ಟಿನ ಹೊರಗೆ ಏನಿತ್ತು ಎಂದು ಕೇಳಿಯೇ ಕೇಳುತ್ತಾನೆ. ನಮ್ಮ ತಾತಂದಿರ ಕಾಲದಲ್ಲಿ ಹೆಬ್ಬೆಟ್ಟಿನಿಂದ ಆದ ನಷ್ಟವನ್ನು ಬಲ್ಲ ಮನೆಗಳಿಂದ ಬಂದವರಿಗೆ ಈ ವಿದ್ಯೆಯ ಬೆಲೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಕೊನೆಯಲ್ಲಿ ಅಧ್ಯಾಪಕ ವರ್ಗದವರಲ್ಲಿಯೂ ಸಹಪಾಠಿಗಳಲ್ಲಿಯೂ ಎರಡು ವಿನಂತಿಗಳು. ಶನಿವಾರದ ಕೂಟವು ನಮ್ಮ ತಂಡ ಹೊರಟ ಮೇಲೆಯೂ ನಿಲ್ಲಬಾರದು. ಅದರ ಮೂರು ಅಂಕಣದ ಪುಸ್ತಕಗಳನ್ನು ಗ್ರಂಥಾಲಯದಲ್ಲಿ ಇಟ್ಟಿದ್ದೇವೆ, ಅವು ಬೆಳೆಯಲಿ. ಎರಡನೆಯದು ಇನ್ನೂ ಜರೂರಾದುದು. ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಟೂರಿಂಗ್ ಟಾಕೀಸು ಎಲ್ಲಿ ಗುಡಾರ ಹೊಡೆಯುತ್ತಿತ್ತು, ಆಟಕ್ಕೆ ಮುಂಚೆ ಯಾವ ದೇವರ ಹಾಡು ಹಾಕುತ್ತಿದ್ದರು, ನೆಲಕ್ಕೆಷ್ಟು ಬೆಂಚಿಗೆಷ್ಟು, ಹೆಂಗಸರು ಎಲ್ಲಿ ಕೂರುತ್ತಿದ್ದರು, ಯಾರನ್ನು ಎಲ್ಲಿ ಕೂರಗೊಡುತ್ತಿರಲಿಲ್ಲ, ಯಾವ ಚಿತ್ರಕ್ಕೆ ಊರೇ ಅತ್ತಿತು, ಇವನ್ನೆಲ್ಲ ಬಲ್ಲವರು ಈಗ ಎಪ್ಪತ್ತು ಎಂಬತ್ತು ದಾಟಿದವರು. ಗುಡಾರಗಳು ಹೋದವು, ಸುರುಳಿಯ ಯಂತ್ರಗಳು ಗುಜರಿಗೆ ಬಿದ್ದವು. ಈ ಬೇಸಿಗೆಯ ರಜೆಯಲ್ಲಿ ಒಬ್ಬೊಬ್ಬ ವಿದ್ಯಾರ್ಥಿಯೂ ತನ್ನ ಊರಿನ ಇಬ್ಬರು ಹಿರಿಯರ ಬಳಿ ಕುಳಿತು ಅವರ ಮಾತನ್ನು ಅವರ ಮಾತಿನಲ್ಲೇ ಬರೆದು ತಂದರೆ, ಬರುವ ವರ್ಷದ ಸಂಚಿಕೆಗೆ ಇದಕ್ಕಿಂತ ಉತ್ತಮವಾದ ಲೇಖನ ಸಿದ್ಧವಾಗುತ್ತದೆ. ‘ಸತಿ ಸುಲೋಚನ’ದ ಸುರುಳಿ ಕಳೆದುದಕ್ಕೆ ನಾವು ಹೊಣೆಯಲ್ಲ. ಈ ನೆನಪುಗಳು ಕಳೆದುಹೋದರೆ ಮಾತ್ರ ಆ ಹೊಣೆ ನಮ್ಮದು.